ಹುಳುಮನೆಯ ಮಡಿ

ನಮ್ಮತ್ತೆ ಅಕ್ಕಯ್ಯಮ್ಮನವರ ಹುಳುಮನೆಗೆ ಕಾಲಿಡುವುದಕ್ಕಿಂತ ತಿರುಪತಿಯಲ್ಲಿ ದರ್ಶನ ಸಿಗುವುದು ಸುಲಭ ಎಂದು ನಮ್ಮೂರಿನವರು ಆಡಿಕೊಳ್ಳುತ್ತಿದ್ದರು. ಬಾಗಿಲ ಬಳಿ ಒಂದು ಬೇಸಿನ್ನಿನಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರು ಇರುತ್ತಿತ್ತು. ಅದರಲ್ಲಿ ಕೈ ಅದ್ದಿ ಉಜ್ಜಬೇಕು. ಹೊಸಿಲ ಮುಂದೆ ಹಾಸಿದ ಒದ್ದೆ ಗೋಣಿಚೀಲದ ಮೇಲೆ ಕಾಲು ಒರೆಸಬೇಕು. ಬಾಯಲ್ಲಿ ಹೊಗೆಸೊಪ್ಪಿದ್ದರೆ ಬೀದಿಯಲ್ಲೇ ನಿಲ್ಲಬೇಕು. ಒಮ್ಮೆ ಮಗಳ ಮದುವೆಗೆ ಕರೆಯಲು ಬಂದ ಅವರ ಸ್ವಂತ ತಮ್ಮನೇ ಕೈ ತೊಳೆಯದೆ ಒಳಗೆ ತಲೆ ಹಾಕಿದ್ದಕ್ಕೆ ಪೊರಕೆ ತೋರಿಸಿ ಹೊರಗೆ ಕಳಿಸಿದ ಹೆಂಗಸು ಅವರು. ಆಮೇಲೆ ಮದುವೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿ ಬಂದರು, ಅದು ಬೇರೆ ಮಾತು.

ಇಷ್ಟು ಮಡಿಗೆ ಫಲವೂ ಇತ್ತು. ರೇಷ್ಮೆ ಹುಳು ಎಂದರೆ ಮುಟ್ಟಿದರೆ ಮುನಿಯುವ ಜೀವ. ಊರಿಗೆಲ್ಲ ಸಪ್ಪೆ ರೋಗ ಬಂದು ಜನ ತಟ್ಟೆಗಟ್ಟಲೆ ಹುಳು ತಿಪ್ಪೆಗೆ ಸುರಿದ ವರ್ಷವೂ ನಮ್ಮ ಮನೆಯ ಬೆಳೆ ಕೆಟ್ಟಿರಲಿಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಸುವ ಖಲೀಮುಲ್ಲಾ ಸಾಹೇಬರು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, “ಇದು ಅಕ್ಕಯ್ಯಮ್ಮನ ಮಾಲು” ಎಂದು ಹೇಳಿಬಿಡುತ್ತಿದ್ದರಂತೆ. ಅದಕ್ಕೇ ಊರಿನವರು ಮೊಟ್ಟೆ ತಂದ ಕೂಡಲೇ ನಮ್ಮತ್ತೆಯ ಕೈಗೆ ಒಪ್ಪಿಸುತ್ತಿದ್ದರು. ಮೊಟ್ಟೆಯೊಡೆದು ಬರುವ ಮರಿಹುಳುವಿಗೆ ಚಾಕಿ ಎನ್ನುತ್ತಾರೆ. ಇರುವೆಗಿಂತ ಸಣ್ಣದು, ಒಂದು ಕೊಳಕು ಬೆರಳು ಸೋಕಿದರೆ ತಟ್ಟೆಗೆ ತಟ್ಟೆಯೇ ಹೋಗುತ್ತದೆ. ಆ ಚಾಕಿಯನ್ನು ಅತ್ತೆ ಒಂದಿಷ್ಟು ದಿನ ಸಾಕಿ, ಗಟ್ಟಿಯಾದ ಮೇಲೆ ಮನೆಮನೆಗೆ ಹಂಚುತ್ತಿದ್ದರು.

ಅವರ ಆ ಕೈಗುಣದ ಮನೆಗೆ ನಾನು ಗೌರಿಬಿದನೂರಿನಿಂದ ಸೊಸೆಯಾಗಿ ಬಂದೆ. ನಮ್ಮಪ್ಪನಿಗೆ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಕೆಲಸ. ಹಳಿಯ ಪಕ್ಕದ ಮನೆಯಲ್ಲಿ, ರೈಲಿನ ಸದ್ದಿಗಿಂತ ಜೋರಾಗಿ ಮಾತಾಡಿ ಬೆಳೆದವಳು ನಾನು. ಅತ್ತೆ ನನ್ನನ್ನು ಹೆಸರು ಹಿಡಿದು ಕರೆದದ್ದಕ್ಕಿಂತ “ಬಿದನೂರೋಳೇ” ಎಂದು ಕರೆದದ್ದೇ ಹೆಚ್ಚು. ಕೆಟ್ಟವರಲ್ಲ. ಬಾಣಂತನದಲ್ಲಿ ನನ್ನ ತಲೆಗೆ ತಾವೇ ಎಣ್ಣೆ ತಟ್ಟಿದವರು. ಆದರೆ ಅವರು ಹೇಳಿದ್ದೇ ವೇದ, ಅದಕ್ಕೆ ಎದುರು ಆಡುವ ಪ್ರಾಣಿ ಆ ಮನೆಯಲ್ಲಿ ಹುಟ್ಟಿರಲಿಲ್ಲ. ನನ್ನ ಗಂಡ ರಾಮಾಂಜಿನಪ್ಪನಂತೂ, “ಅಮ್ಮ ಹೇಳ್ದಂಗೆ” ಎಂಬ ಮಾತಿನಲ್ಲೇ ಸಂಸಾರ ಮುಗಿಸುವ ಗಂಡಸು.

ಹುಳುಮನೆಯ ಗೋಡೆಗೆ ಅಂಟಿಕೊಂಡೇ ನಮ್ಮ ಅಡಿಗೆಮನೆ. ಗೋಡೆಯ ಆ ಕಡೆ ಹಿಪ್ಪುನೇರಳೆ ಸೊಪ್ಪನ್ನು ಒಂದೊಂದಾಗಿ ಒರೆಸಿ ಹುಳುವಿಗೆ ಹಾಕುತ್ತಿದ್ದೆವು. ಈ ಕಡೆ ಮಗು ಕೋಳಿಗಳ ನಡುವೆ ಅಂಬೆಗಾಲಿಡುತ್ತ, ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತ ಬೆಳೆಯುತ್ತಿತ್ತು. ಯಾರ ಕೈ ಬಿಡುವಾಗಿದೆಯೋ ಅವರು ಬಂದು ಎರಡು ತುತ್ತು ಮುದ್ದೆ ಹಿಸುಕಿ ಬಾಯಿಗಿಟ್ಟು ಮತ್ತೆ ಹುಳುವಿನ ಕಡೆ ಓಡುತ್ತಿದ್ದರು. ನಾನೇನಾದರೂ ಅಂದರೆ, “ಮಣ್ಣು ತಿಂದ ಮಗು ಮಲ್ಲ ಆಗುತ್ತೆ ಕಣೇ, ಮಗು ಏನು ಹುಳವಾ?” ಎಂದು ಅತ್ತೆ ನಗುತ್ತಿದ್ದರು.

ಮಗುವಿನ ಹೆಸರು ನಲ್ಲಪ್ಪ. ತೀರಿಹೋದ ಮಾವನವರ ಹೆಸರನ್ನೇ ಇಟ್ಟಿದ್ದೆವು. ಗಂಡನ ಹೆಸರನ್ನು ನಾಲಿಗೆಯ ಮೇಲೆ ತರಬಾರದೆಂದು ಅತ್ತೆ ಮೊಮ್ಮಗನನ್ನು “ಯಜಮಾನ್ರು” ಎಂದು ಕರೆಯುತ್ತಿದ್ದರು. “ಯಜಮಾನ್ರು ಚಡ್ಡಿ ಒದ್ದೆ ಮಾಡ್ಕೊಂಡವ್ರೆ, ನೋಡೇ” ಎಂದು ಅವರು ಕೂಗಿದರೆ ಬೀದಿಯವರೆಲ್ಲ ನಗುತ್ತಿದ್ದರು. ಅವರಿಗೆ ಅವನೆಂದರೆ ಪ್ರಾಣ.

ನಾನೂ ನಗುತ್ತಿದ್ದೆ, ಆದರೆ ನನಗೊಂದು ಭಯ ಸದಾ ಇರುತ್ತಿತ್ತು. ನಲ್ಲನಿಗಿಂತ ಮೊದಲು ನನಗೊಂದು ಹೆಣ್ಣುಮಗು ಇತ್ತು, ಅಲಮೇಲು. ಗೋಡೆ ಹಿಡಿದು ನಡೆಯುವ ವಯಸ್ಸಿನಲ್ಲಿ ಅವಳಿಗೆ ಭೇದಿ ಹತ್ತಿತು. ಒದ್ದೆ ಸೊಪ್ಪು ತಿಂದ ಹುಳುವಿನ ಹಿಕ್ಕೆ ನೀರಾಗಿ, ಹುಳು ಸೋತು ಸಾಯುತ್ತದೆ. ಅದಕ್ಕೆ ಒಣ ಸೊಪ್ಪು ಕೊಟ್ಟು, ತಟ್ಟೆಗೆ ಸುಣ್ಣ ಉದುರಿಸಿ ಆರಿಸುತ್ತಾರೆ. ಅತ್ತೆ ಮಗುವಿಗೂ ಅದೇ ಲೆಕ್ಕ ಹಾಕಿದರು. ಹೊಟ್ಟೆ ಹರಿಯುವಾಗ ನೀರು ಕೊಡಕೂಡದು, ಆರಬೇಕು ಎಂದರು. ಅಲಮೇಲು “ನೀ, ನೀ” ಎಂದು ನೀರು ಕೇಳಿದಳು. ಮಾರನೆಯ ದಿನ ಕೇಳುವುದನ್ನೂ ನಿಲ್ಲಿಸಿದಳು. ಹಲ್ಲು ಬರುವಾಗ ಹಾಗೆಯೇ, ದೃಷ್ಟಿಯಾಗಿತ್ತು, ಋಣ ತೀರಿತು ಎಂದು ಬಂದವರೆಲ್ಲ ಏನೇನೋ ಹೇಳಿಹೋದರು. ಆಮೇಲೆ ನಮ್ಮ ಮನೆಯಲ್ಲಿ ಅವಳ ಹೆಸರನ್ನು ಯಾರೂ ಎತ್ತಲಿಲ್ಲ.

ಈಗ ನಲ್ಲನೂ ಗೋಡೆ ಹಿಡಿದು ನಡೆಯುತ್ತಿದ್ದ. ಎಂಬತ್ತೊಂಬತ್ತರ ಮುಂಗಾರು ಹಿಡಿಯುತ್ತಿದ್ದಂತೆ ಊರಿನ ಮಕ್ಕಳಿಗೆಲ್ಲ ಒಬ್ಬರಾದ ಮೇಲೊಬ್ಬರಿಗೆ ಹೊಟ್ಟೆ ಕೆಡತೊಡಗಿತು. ನಾನು ದಿನವೂ ಅವನ ಚಡ್ಡಿ ನೋಡಿ ಉಸಿರು ಬಿಡುತ್ತಿದ್ದೆ.

ಆಗಲೇ ನರ್ಸಮ್ಮ ವೆಂಕಟರತ್ನಮ್ಮ ಮನೆಮನೆ ಸುತ್ತುತ್ತ ನಮ್ಮಲ್ಲಿಗೂ ಬಂದರು. ಹುಳು ಕೊನೆಯ ಜ್ವರದಿಂದ ಎದ್ದಿದ್ದವು. ಪೊರೆ ಕಳಚಲು ಮೇವು ಬಿಟ್ಟು ಮಂಕಾಗಿ ಕೂರುವುದನ್ನೇ ಜ್ವರ ಎನ್ನುತ್ತಾರೆ. ಅದರಿಂದ ಎದ್ದ ಹುಳು ಹೊತ್ತುಹೊತ್ತಿಗೂ ಸೊಪ್ಪು ಬೇಡುತ್ತದೆ, ಮನೆಯವರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಅತ್ತೆ ನರ್ಸಮ್ಮನನ್ನು ಜಗಲಿ ದಾಟಲು ಬಿಡಲಿಲ್ಲ.

“ಊರೂರು ತಿರುಗಿ ಬಂದಿದೀರ, ಅಲ್ಲೇ ಕೂತ್ಕಳಮ್ಮ. ಹುಳ ದೊಡ್ಡವಾಗಿದಾವೆ.”

ನರ್ಸಮ್ಮ ಜಗಲಿಯ ಮೇಲೇ ಕೂತು, ಬೆವರು ಒರೆಸಿಕೊಂಡು ಶುರು ಮಾಡಿದರು. “ಮಗೀಗೆ ಉಣ್ಸೋಕೆ ಮುಂಚೆ, ಮಗೀನ ತೊಳೆದ್ಮೇಲೆ, ಸೋಪು ಹಾಕಿ ಕೈ ತೊಳ್ಕೊಳ್ಳಿ. ನೀರು ಕಾಯಿಸಿ ಆರಿಸಿ ಕೊಡಿ. ಭೇದಿ ಆದ್ರೆ...”

“ಏನಮ್ಮಾ, ನಂಗೆ ಕೈ ತೊಳಿಯೋದು ಹೇಳ್ಕೊಡ್ತೀಯಾ?” ಅತ್ತೆಯ ಧ್ವನಿ ಏರಿತು. “ಈ ಕೈ ನೋಡು. ಊರಿನ ಚಾಕಿ ಎಲ್ಲ ಈ ಕೈಯಲ್ಲೇ ಬೆಳೆಯೋದು. ನಮ್ಮನೇಲಿ ತೊಳೆದಷ್ಟು ಕೈ ಚಿಂತಾಮಣಿವರ್ಗೂ ಯಾರೂ ತೊಳೆಯಲ್ಲ!”

ಸುಳ್ಳೇನೂ ಅಲ್ಲ. ನರ್ಸಮ್ಮ ವಾದಕ್ಕಿಳಿಯದೆ ಚೀಲಕ್ಕೆ ಕೈ ಹಾಕಿದರು. ಉಪ್ಪು ಸಕ್ಕರೆಯ ಎರಡು ಪೊಟ್ಟಣ ನನ್ನ ಕೈಗಿಟ್ಟು, “ಭೇದಿ ಆದ್ರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಕಲಸಿ ಕುಡಿಸ್ತಾ ಇರು. ನೀರು ನಿಲ್ಲಿಸ್ಬೇಡ” ಎಂದು ಎದ್ದರು. ಅವರು ಬೀದಿಯ ತಿರುವು ದಾಟುವ ಮೊದಲೇ ಅತ್ತೆ ಪೊಟ್ಟಣಗಳನ್ನು ತೊಲೆಯ ಸಂದಿಗೆ ಸಿಕ್ಕಿಸಿದರು.

ಮೂರು ದಿನವೂ ಕಳೆದಿರಲಿಲ್ಲ. ಒಂದು ಬೆಳಗ್ಗೆ ನಲ್ಲನಿಗೆ ಭೇದಿ ಶುರುವಾಯಿತು. ಮೊದಲು ಎರಡು ಸಲ, ಆಮೇಲೆ ಲೆಕ್ಕವಿಲ್ಲ. ಗಂಡ ಸೊಪ್ಪು ಕೊಯ್ಯಲು ತೋಟದಲ್ಲಿದ್ದ, ಅತ್ತೆ ಹುಳುಮನೆಯಲ್ಲಿದ್ದರು. ಮೊದಲ ಸಲ ಹೇಳಿದಾಗಲೇ ಒಳಗಿಂದ ಕೂಗಿದ್ದರು, “ನೀರು ಗೀರು ಕೊಟ್ಟೀಯ, ಹುಷಾರು! ಆರಲಿ.” ಮಧ್ಯಾಹ್ನದ ಹೊತ್ತಿಗೆ ಅವನ ಕಣ್ಣು ಗುಳಿ ಬಿದ್ದಿತ್ತು. ಅತ್ತರೂ ಕಣ್ಣೀರು ಬರುತ್ತಿರಲಿಲ್ಲ. ನನ್ನ ಕೈಯಲ್ಲಿದ್ದ ಚೊಂಬನ್ನು ಹಿಡಿದು ಬಾಯಿಗೆಳೆದುಕೊಳ್ಳಲು ನೋಡಿದ.

ಆಗ ನನಗೇನಾಯಿತೋ. ಅಲಮೇಲುವಿನ ಕಾಲಕ್ಕೆ ನಾನು ಹೊಸ ಸೊಸೆ, ಬಾಯಿ ಬಿದ್ದುಹೋಗಿತ್ತು. ಈ ಸಲ ಬೀಳಗೊಡಲಿಲ್ಲ. ಸ್ಟೂಲು ಹತ್ತಿ ತೊಲೆಯಿಂದ ಪೊಟ್ಟಣ ಕಿತ್ತೆ, ಕಾಯಿಸಿ ಆರಿಸಿದ ನೀರಿಗೆ ಕಲಸಿದೆ. ಮಗನನ್ನು ಸೊಂಟದ ಮೇಲಿಟ್ಟುಕೊಂಡು, ಕೈ ತೊಳೆಯದೆ, ಕಾಲು ಒರೆಸದೆ, ನೇರ ಹುಳುಮನೆಯ ಹೊಸಿಲು ದಾಟಿ ನಿಂತೆ.

ಅತ್ತೆ ಸೊಪ್ಪಿನ ಕಟ್ಟು ಕೆಳಗೆ ಹಾಕಿದರು. “ಏಯ್! ಕೈ ತೊಳ್ಕೊಂಡು ಬಾರೇ! ಹುಳ ಇದಾವೆ!”

“ಇರ್ಲಿ ಬಿಡಿ. ಈ ಮನೇಲಿ ಹುಳಕ್ಕೆ ಮಾತ್ರ ಮಡಿ ಇರೋದಾ? ನೋಡಿ ಇವನನ್ನ. ನಾನು ನೀರು ಕುಡಿಸ್ತೀನಿ. ಬೈದ್ರೂ ಕುಡಿಸ್ತೀನಿ, ಹೊಡೆದ್ರೂ ಕುಡಿಸ್ತೀನಿ.”

“ಹೊಟ್ಟೆ ಹರಿಯೋವಾಗ ನೀರಾ? ಒದ್ದೆ ಸೊಪ್ಪು ತಿಂದ ಹುಳ ಏನಾಗುತ್ತೆ ಅಂತ ನೋಡಿಲ್ವೇನೇ ನೀನು?”

“ನನ್ ಮಗ ಹುಳ ಅಲ್ಲ, ಅತ್ತೆ!”

ನನ್ನ ಕೂಗು ಬೀದಿಯ ಆಚೆಗೂ ಕೇಳಿಸಿತಂತೆ. ಅತ್ತೆ ಕೈ ಎತ್ತಿಕೊಂಡೇ ನನ್ನ ಹತ್ತಿರ ಬಂದರು, ಹೊಡೆದೇ ಬಿಡುತ್ತಾರೆ ಅಂದುಕೊಂಡೆ. ಆದರೆ ಆ ಕೈ ಮಗುವಿನ ಹೊಟ್ಟೆಯ ಮೇಲೆ ಹೋಯಿತು. ತಟ್ಟೆಯಲ್ಲಿ ಸಾವಿರ ಹುಳುವಿದ್ದರೂ ಬೆರಳಾಡಿಸಿ ಯಾವುದು ಸೋತಿದೆ ಎಂದು ಹೇಳುವ ಕೈ ಅದು. ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಬಿಟ್ಟರು. ಎತ್ತಿದ ಮಡಿಕೆ ಹಾಗೇ ನಿಂತು, ನಿಧಾನವಾಗಿ ಇಳಿಯಿತು. ಅತ್ತೆಯ ಮುಖದ ರಕ್ತವೆಲ್ಲ ಇಳಿದುಹೋಯಿತು.

“ಯಜಮಾನ್ರೇ...” ಎಂದು ಕರೆದರು. ಅವನು ರೆಪ್ಪೆ ಎತ್ತಲಿಲ್ಲ. ಮತ್ತೊಮ್ಮೆ ಕರೆದರು. ಆಮೇಲೆ ಇದ್ದಕ್ಕಿದ್ದಂತೆ, ಮದುವೆಯಾದಾಗಿನಿಂದ ಬಾಯಿಗೆ ಬಾರದ ಆ ಹೆಸರು ಹೊರಗೆ ಬಂತು. “ನಲ್ಲಪ್ಪಾ! ಏ ನಲ್ಲಪ್ಪಾ! ಕಣ್ಣು ಬಿಡೋ, ನಾ ತಂಡ್ರೀ, ನನ್ನಪ್ಪಾ!”

ನಲ್ಲ ಕಣ್ಣು ಬಿಟ್ಟ.

ಅತ್ತೆ ಹುಳುಮನೆಯ ಹೊಸಿಲ ಮೇಲೇ ಕಾಲು ಚಾಚಿ ಕೂತು, ಮಗುವನ್ನು ನನ್ನಿಂದ ಕಿತ್ತುಕೊಂಡು ಮಡಿಲಿಗೆ ಹಾಕಿಕೊಂಡರು. “ತತ್ತಾರೇ ಚಮಚ” ಎಂದರು. ಒಂದು ಚಮಚ, ಇನ್ನೊಂದು ಚಮಚ. ವಾಂತಿ ಮಾಡಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರು ಮಾಡಿದರು. ನಾನು ತೋಟಕ್ಕೆ ಓಡಿ ಗಂಡನನ್ನು ಸೈಕಲ್ ಮೇಲೆ ನರ್ಸಮ್ಮನ ಕಡೆ ಅಟ್ಟಿದೆ. ಅಮ್ಮ ಏನು ಹೇಳಿದಳೆಂದು ಆ ಪುಣ್ಯಾತ್ಮ ಅವತ್ತು ಕೇಳಲಿಲ್ಲ. ಆ ಹೊತ್ತಿನ ಸೊಪ್ಪು ಹುಳುಗಳಿಗೆ ತಪ್ಪಿತು, ಅದನ್ನೂ ಯಾರೂ ಕೇಳಲಿಲ್ಲ.

ವೆಂಕಟರತ್ನಮ್ಮ ಬರುವ ಹೊತ್ತಿಗೆ ಅವನು ಚಮಚ ಕಂಡರೆ ತಾನೇ ಬಾಯಿ ಮುಂದೆ ತರುತ್ತಿದ್ದ. ನರ್ಸಮ್ಮ ಎಲ್ಲ ನೋಡಿದರು. “ಆಸೆಯಿಂದ ಕುಡೀತಾನಲ್ಲ, ಒಳ್ಳೇದು. ನಿಲ್ಲಿಸ್ಬೇಡಿ. ಎದೆಹಾಲೂ ಕೊಡಮ್ಮ. ಗಾಡಿ ಕಟ್ಟಿಟ್ಟಿರಿ. ಸ್ವಲ್ಪ ಮಂಕಾದ್ರೂ ಶಿಡ್ಲಘಟ್ಟದ ಆಸ್ಪತ್ರೆಗೆ ಕರ್ಕೊಂಡು ಹೋಗಣ, ನಾನೂ ಬರ್ತೀನಿ. ಉಚ್ಚೆ ಹೊಯ್ದ ಅಂದ್ರೆ ಅರ್ಧ ಗೆದ್ದಂಗೆ.”

ಗಾಡಿ ಕಟ್ಟಿಟ್ಟೆವು. ಎತ್ತುಗಳು ನಿಂತಲ್ಲೇ ಮೆಲುಕು ಹಾಕುತ್ತಿದ್ದವು. ದೀಪ ಹಚ್ಚುವ ಮೊದಲು ಅತ್ತೆ, “ಅಯ್ಯೋ, ನೋಡ್ರೇ, ನೋಡ್ರೇ!” ಎಂದು ಕಿರುಚಿದರು. ತಿರುಗಿ ನೋಡಿದರೆ ಅವರ ಮಡಿಸೀರೆ ಮಂಡಿಯವರೆಗೆ ಒದ್ದೆಯಾಗಿತ್ತು, ಮುದುಕಿ ಅಳುತ್ತ ನಗುತ್ತಿದ್ದರು. ನನಗೆ ಅಷ್ಟು ಸಂತೋಷ ಹೆರಿಗೆಯಾದ ದಿನವೂ ಆಗಿರಲಿಲ್ಲ.

ಮಾರನೆಯ ದಿನ ನರ್ಸಮ್ಮ ಮತ್ತೆ ಬಂದಾಗ ಅತ್ತೆಯೇ, “ಒಳಗೆ ಬಾಮ್ಮ” ಎಂದರು. ಕೈ ತೊಳೆಸಿಯೇ ಕರೆದರು ಅನ್ನಿ. ಕಾಫಿ ಕೊಟ್ಟು ಎದುರಿಗೆ ಕೂತು ಕೇಳಿದರು, “ಸರಿ, ನೀರು ಕುಡಿಸ್ಬೇಕಿತ್ತು, ಒಪ್ಕೊಂಡೆ. ಬಂದಿದ್ದು ಎಲ್ಲಿಂದ ಅಂತ ಹೇಳು. ನನ್ ಮನೇಗೆ ಹೆಂಗೆ ಬಂತು?”

“ನೊಣದ ಕಾಲಲ್ಲಿ ಬರುತ್ತೆ, ನೀರಲ್ಲಿ ಬರುತ್ತೆ, ಕೈಯಲ್ಲಿ ಬರುತ್ತೆ. ಯಾವ ದಾರೀಲಿ ಬಂತು ಅಂತ ನೀವೇ ನೋಡಿ ಅಕ್ಕಯ್ಯಮ್ಮ. ಹುಳ ಕೆಟ್ರೆ ಹುಡುಕ್ತೀರಲ್ಲ, ಹಂಗೆ.”

ಅದು ಅತ್ತೆಗೆ ಅರ್ಥವಾಗುವ ಭಾಷೆ. ಹುಳು ಕಟ್ಟಿದ ಗೂಡು ಬಿಡಿಸಿ ಕೆಲಸ ಮುಗಿದ ಮೇಲೆ ಒಂದು ದಿನವಿಡೀ ಕಂಬಕ್ಕೊರಗಿ ಕೂತು, ನಮ್ಮನ್ನೆಲ್ಲ ರೋಗದ ತಟ್ಟೆ ನೋಡಿದ ಹಾಗೆ ನೋಡಿದರು. ನನಗಂತೂ ಮೈಮೇಲೆ ಇರುವೆ ಹರಿದ ಹಾಗಾಯಿತು. ನಾನು ನಲ್ಲನ ಕುಂಡಿ ತೊಳೆದು ಕೈಯನ್ನು ಸೆರಗಿಗೆ ಒರೆಸಿಕೊಂಡು ಮುದ್ದೆ ಮುರಿದೆ. ಅತ್ತೆ ತಲೆ ಆಡಿಸಿದರು. ಗಂಡ ತಿಪ್ಪೆಗೆ ಹಿಕ್ಕೆ ಸುರಿದು ಬಂದವನೇ ಕುಡಿಯುವ ನೀರಿನ ಹಂಡೆಗೆ ಮೊಣಕೈವರೆಗೆ ಕೈ ಇಳಿಸಿ ಚೊಂಬು ಅದ್ದಿದ. ಅದಕ್ಕೂ ತಲೆ ಆಡಿಸಿದರು. ಮಗು ಅಂಗಳದಲ್ಲಿ ಮಾಡಿದ್ದನ್ನು ಕೋಳಿ ಕೆದಕಿ, ಅದೇ ಕಾಲಲ್ಲಿ ಅಡಿಗೆಮನೆಗೆ ನುಗ್ಗಿತು. ಕೊನೆಗೆ ಅತ್ತೆ ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು.

“ಹುಳದ ಮನೆ ಒಳಗೆ ಹೋಗೋವಾಗ ತೊಳೀತೀವಿ” ಎಂದರು ನಿಧಾನವಾಗಿ. “ಬರೋವಾಗ ತೊಳೆಯಲ್ಲ. ಹುಳದ ಕೊಳೆ, ಸೊಪ್ಪಿನ ಧೂಳು, ಎಲ್ಲ ಹಿಡ್ಕೊಂಡು ಬಂದು ಯಜಮಾನ್ರಿಗೆ ತುತ್ತು ಇಡ್ತೀನಿ ನಾನು. ಥೂ!”

ಅವತ್ತಿನಿಂದ ನಮ್ಮ ಮನೆಯಲ್ಲಿ ಇನ್ನೊಂದು ಬೇಸಿನ್ ಬಂತು, ಅಡಿಗೆಮನೆಯ ಬಾಗಿಲಿಗೆ. ಪಕ್ಕದಲ್ಲಿ ತೆಂಗಿನ ಚಿಪ್ಪಿನಲ್ಲಿ ಸೋಪು. ಹಂಡೆಗೆ ಮುಚ್ಚಳ ಬಂತು, ಉದ್ದ ಹಿಡಿಯ ಸೌಟು ಬಂತು. ಮಗುವಿನದನ್ನು ಸನಿಕೆಯಲ್ಲಿ ಎತ್ತಿ ಹಿತ್ತಲ ಗುಂಡಿಗೆ ಹಾಕಿ ಮಣ್ಣು ಮುಚ್ಚುವ ಕೆಲಸ ನನ್ನ ಗಂಡನ ಪಾಲಿಗೆ ಬಂತು. ಅವನು, “ಅಮ್ಮ ಹೇಳ್ದಂಗೆ” ಎಂದು ಮಾಡಿದ. ಆ ಮಾತು ನನಗೆ ಮೊದಲ ಸಲ ಹಿತವಾಗಿ ಕೇಳಿಸಿತು.

ಇಷ್ಟಕ್ಕೇ ನಿಂತಿದ್ದರೆ ಅದು ನಮ್ಮ ಮನೆಯ ಮಾತಾಗಿರುತ್ತಿತ್ತು. ಆದರೆ ನಮ್ಮತ್ತೆ ಅರ್ಧಕ್ಕೆ ನಿಲ್ಲುವ ಪೈಕಿ ಅಲ್ಲ. ಮುಂದಿನ ಬೆಳೆಗೆ ಊರಿನವರ ಮೊಟ್ಟೆ ಎಂದಿನಂತೆ ಬಂದವು, ಚಾಕಿ ಎದ್ದವು, ಹಂಚುವ ದಿನ ಬಂತು. ಹೆಂಗಸರು ತಟ್ಟೆ ಹಿಡಿದು ಬಂದಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

“ಕೂಸಿರೋ ಮನೆಯೋರು ಕೂಸನ್ನ ಕರ್ಕೊಂಡು ಬನ್ನಿ. ಅದರ ಉಗುರು ನೋಡ್ತೀನಿ, ಕೈ ನೋಡ್ತೀನಿ. ನಿಮ್ಮನೆ ಹಂಡೆಗೆ ಮುಚ್ಚಳ ಇದೆಯಾ ಅಂತ ಬಂದು ನೋಡ್ತೀನಿ. ಇಲ್ದಿದ್ರೆ ನಾನು ಚಾಕಿ ಕೊಡಲ್ಲ. ಮಗೀನ ನೋಡ್ಕೊಳೋಕೆ ಬರದ ಕೈಗೆ ಹುಳ ಕೊಟ್ಟು ಏನು ಮಾಡಲಿ?”

ಗೊಣಗಿದರು, ನಕ್ಕರು, “ಮುದುಕಿಗೆ ಮರುಳು” ಎಂದರು. ಆದರೂ ಹೋಗಿ ಮಕ್ಕಳ ಕೈ ತೊಳೆಸಿಕೊಂಡು ಬಂದರು. ಬೆಳೆಯ ಪ್ರಶ್ನೆ ನೋಡಿ. ನರ್ಸಮ್ಮ ವರ್ಷಗಟ್ಟಲೆ ಬೀದಿ ಸುತ್ತಿದರೂ ಮಾರಾಟವಾಗದಿದ್ದ ಸೋಪು ಆ ವಾರ ಅಂಗಡಿಯಲ್ಲಿ ಖಾಲಿಯಾಯಿತು.

ಒಬ್ಬಳು ಮಾತ್ರ ಬಗ್ಗಲಿಲ್ಲ. ಮೇಲಿನ ಬೀದಿಯ ಕೊಂಡಮ್ಮ, ಅತ್ತೆಯ ಓರಗೆಯವಳು, ಬಾಯಲ್ಲಿ ಅತ್ತೆಗೆ ಸರಿಸಮ. ಮೊಮ್ಮಗಳನ್ನು ಸೊಂಟದ ಮೇಲೆ ಹೊತ್ತುಕೊಂಡೇ ಬಂದಿದ್ದಳು. ಮಗುವಿನ ಕೈ ಬೆಲ್ಲ, ಮಣ್ಣು, ಗೊಣ್ಣೆ ಎಲ್ಲ ಸೇರಿ ಕಪ್ಪಾಗಿತ್ತು. ಕಾಲಿನ ಮೇಲೆ ಭೇದಿಯ ಗೆರೆ ಒಣಗಿತ್ತು. ಅತ್ತೆ ಕೈ ಅಡ್ಡ ಹಿಡಿದು, “ಮೊದಲು ತೊಳ್ಕೊ, ಮಗೀನೂ ತೊಳಿ. ಹೊಟ್ಟೆ ಕೆಟ್ಟಿದೆ ಅದಕ್ಕೆ. ನೀರು ಕುಡಿಸ್ತಿದೀಯಾ?” ಎಂದರು.

ಕೊಂಡಮ್ಮ ಉರಿದುಬಿದ್ದಳು. ಬೀದಿಯ ಜನರೆಲ್ಲ ನಿಂತು ನೋಡುತ್ತಿದ್ದರು. “ನೀನು ನಂಗೆ ಹೇಳ್ತೀಯೇನೇ ಅಕ್ಕಯ್ಯಾ? ಸ್ವಂತ ಮೊಮ್ಮಗಳನ್ನ ನೀರು ಕೊಡ್ದೆ ಸಾಯಿಸಿದೋಳು ನೀನು! ಊರಿಗೆಲ್ಲ ಗೊತ್ತು!”

ನಾನು ಕಂಬ ಹಿಡಿದುಕೊಂಡೆ. ಅತ್ತೆ ಈಗ ಪೊರಕೆ ಎತ್ತುತ್ತಾರೆ, ಇಲ್ಲವೇ ಬಾಗಿಲು ಹಾಕಿಕೊಂಡು ಒಳಗೆ ಹೋಗುತ್ತಾರೆ ಎಂದುಕೊಂಡೆ. ಅವರು ಎರಡನ್ನೂ ಮಾಡಲಿಲ್ಲ.

“ಹೌದು ಕಣೇ ಕೊಂಡಮ್ಮ. ನಾನೇ” ಎಂದರು. “ನಮ್ಮ ಅಲಮೇಲು ನೀರು ಕೇಳ್ತು. ನಾನು ಕೊಡಬ್ಯಾಡ ಅಂದೆ. ಹುಳ ನೋಡ್ದಂಗೆ ಮಗೀನ ನೋಡ್ದೆ. ಅವಳ ಹೆತ್ತೋಳು ಇಲ್ಲೇ ನಿಂತವ್ಳೆ, ಒಂದು ದಿನ ನಂಗೆ ಒಂದು ಮಾತು ಅಂದಿಲ್ಲ. ಅಂದಿದ್ರೆ ನಂಗೆ ಹಗುರ ಆಗಿರೋದು. ಈ ಸಂಕಟ ನಿನ್ ಸೊಸೆಗೂ ಬರ್ಲಿ ಅಂತೀಯಾ? ಈಗ್ಲೇ ನೀರು ಕುಡಿಸೇ ಅದಕ್ಕೆ, ನಿನ್ ಕಾಲಿಗೆ ಬೀಳ್ತೀನಿ.”

ಅಲಮೇಲುವಿನ ಹೆಸರು ನನ್ನ ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತು! ಅವಳನ್ನು ಎಲ್ಲರೂ ಮರೆತೇಬಿಟ್ಟರು ಎಂದು ನಾನೊಬ್ಬಳೇ ಒಳಗೊಳಗೆ ಕುದಿಯುತ್ತಿದ್ದೆ. ಈ ಮುದುಕಿಯ ಮೇಲೆ ನನಗಿದ್ದ ಸಿಟ್ಟು ಸಣ್ಣದಾಗಿರಲಿಲ್ಲ, ಅವತ್ತು ಪೂರ್ತಿ ಆರಿತು ಎಂದೂ ಹೇಳಲಾರೆ. ಆದರೆ ಬೀದಿಯ ನಡುವೆ, ತನಗೆ ಚಾಕಿಗಾಗಿ ಕೈ ಮುಗಿಯುವ ಜನರೆದುರು, ಅವರು ನನ್ನ ಮಗಳ ಹೆಸರು ಹೇಳಿದ್ದರು. ನನಗೆ ತಡೆಯಲಾರದಷ್ಟು ಅಳು ಬಂತು.

ಕೊಂಡಮ್ಮ ಮೊಮ್ಮಗಳನ್ನು ಸೊಂಟದಿಂದ ಮೆಲ್ಲಗೆ ಇಳಿಸಿದಳು. ನಾನು ಕಣ್ಣೊರೆಸಿಕೊಂಡು ಚೊಂಬು ತಂದು ನೀರು ಹಾಕಿದೆ. ಅವಳು ಸೋಪು ಉಜ್ಜಿದಳು, ತನ್ನ ಕೈ, ಆಮೇಲೆ ಮಗುವಿನ ಕೈ, ಆಮೇಲೆ ಕಾಲು. ನೊರೆ ಕಂಡು ಮಗುವಿಗೆ ಖುಷಿಯಾಗಿ ಕೇಕೆ ಹಾಕಿತು. ಮನೆಯಲ್ಲಿ ಉಳಿದಿದ್ದ ಇನ್ನೊಂದು ಪೊಟ್ಟಣ ಕಲಸಿ ಲೋಟಕ್ಕೆ ಬಗ್ಗಿಸಿ ಕೊಟ್ಟೆ. ಅದು ಎರಡೂ ಕೈಯಲ್ಲಿ ಲೋಟ ಹಿಡಿದು ಒಂದೊಂದೇ ಗುಟುಕು ಕುಡಿಯಿತು.

ಅತ್ತೆ ಒಳಗಿಂದ ಚಾಕಿಯ ತಟ್ಟೆ ತಂದು ಕೊಂಡಮ್ಮನ ಕೈಗಿಟ್ಟರು. ನನ್ನ ಕಡೆ ನೋಡಲು ಅವರಿಗೆ ಧೈರ್ಯವಾಗಲಿಲ್ಲ, ನೆಲ ನೋಡುತ್ತ ನಿಂತುಬಿಟ್ಟರು. ನಾನೇ ಹೋಗಿ ಅವರ ಪಕ್ಕದಲ್ಲಿ ನಿಂತೆ.